ಹಳೆಯ ಸಣ್ಣ ಹ್ಯಾಚ್‌ಬ್ಯಾಕ್ ಏರಿನಲ್ಲಿ ಬಿಸಿಯಾಗುತ್ತದೆ, ಎಳೆಯುವುದೂ ಇಲ್ಲ. ಮಾರಿ ದೊಡ್ಡ ಕಾರು ತೆಗೆದುಕೊಳ್ಳಲೇ?

ಬೇಡ, ಈಗಲೇ ಮಾರಬೇಡಿ. ನೀರು ತುಂಬಿಸುವ, ಏರು ಹತ್ತಿಸುವ ಅಭ್ಯಾಸ ಬದಲಾಗದಿದ್ದರೆ ದೊಡ್ಡ ಕಾರು ತೆಗೆದುಕೊಂಡರೂ ಈ ತೊಂದರೆ ನಿಮ್ಮ ಹಿಂದೆಯೇ ಬರುತ್ತದೆ.

“ವಾರಕ್ಕೊಮ್ಮೆ ಅರ್ಧ ಲೀಟರ್ ನೀರು ಹಾಕುತ್ತೇನೆ, ಅದೊಂದು ಬಿಟ್ಟರೆ ಗಾಡಿ ಚೆನ್ನಾಗಿದೆ” ಎಂದು ಬರೆದಿದ್ದೀರಲ್ಲ, ನನ್ನ ಮೊದಲ ಕಾರಿನ ಬಗ್ಗೆ ನಾನೂ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ. ಅದೂ ಒಂದು ಲೀಟರಿನ, ಮೂರು ಸಿಲಿಂಡರಿನ ಅಗ್ಗದ ಹ್ಯಾಚ್‌ಬ್ಯಾಕ್. ನಲ್ಲಿ ನೀರು ತುಂಬಿಸುತ್ತಲೇ ಓಡಿಸಿದೆ, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಾಗಿ ಎಂಜಿನ್ ಬಿಚ್ಚಿಸಬೇಕಾಯಿತು. ನನ್ನ ಕತೆ ಅಷ್ಟೇ. ಆದರೆ ಎಂಜಿನ್ನಿನೊಳಗೆ ಏನಾಯಿತು, ಯಾಕಾಯಿತು ಅನ್ನುವುದನ್ನು ಪೂರ್ತಿ ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಹೇಳುವ ಲಕ್ಷಣಗಳೆಲ್ಲ ಅದೇ ದಾರಿಯಲ್ಲಿವೆ.

ಮೊದಲನೆಯದಾಗಿ, ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಅದು ಎಂಜಿನ್, ರೇಡಿಯೇಟರ್, ಹೀಟರ್ ಇಷ್ಟರೊಳಗೇ ಸುತ್ತುತ್ತದೆ. ವ್ಯವಸ್ಥೆ ಸರಿಯಿದ್ದರೆ ತಿಂಗಳುಗಟ್ಟಲೆ ಮಟ್ಟ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಸಣ್ಣ ಕಾರಿನಲ್ಲಿ ಒಟ್ಟು ಹಿಡಿಯುವುದೇ ಸುಮಾರು ನಾಲ್ಕು ಲೀಟರ್. ಅದರಲ್ಲಿ ವಾರಕ್ಕೆ ಅರ್ಧ ಲೀಟರ್ ಹೋಗುತ್ತಿದೆ ಎಂದರೆ ಎಂಟರಲ್ಲಿ ಒಂದು ಪಾಲು ಎಲ್ಲೋ ಹೊರಬೀಳುತ್ತಿದೆ. ಅದು ಎಲ್ಲಿ ಎಂದು ಹುಡುಕದೆ ನೀರು ತುಂಬಿಸುತ್ತಾ ಹೋಗುವುದೇ ನಾನು ಮಾಡಿದ ದುಬಾರಿ ತಪ್ಪು.

ನೀರು ತುಂಬಿದರೆ ಏನಾಗುತ್ತದೆ ನೋಡಿ. ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ಡಿಮಿನರಲೈಸ್ಡ್ (ಖನಿಜ ತೆಗೆದ) ನೀರು ಸಮಪಾಲಿದ್ದಾಗ ಅದು ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ರೇಡಿಯೇಟರಿನ ಬಾಯಿ ಮುಚ್ಚುವ 1.1 ಬಾರ್ ಒತ್ತಡದ ಕ್ಯಾಪ್ ಸರಿಯಾಗಿ ಬಿಗಿದಿದ್ದರೆ ಈ ಮಿತಿ 129ರ ಆಸುಪಾಸಿಗೆ ಏರುತ್ತದೆ. ಬರೀ ನೀರು ಅದೇ ಕ್ಯಾಪಿನ ಕೆಳಗೆ ಸುಮಾರು 121ಕ್ಕೇ ಕುದಿಯುತ್ತದೆ. ಕ್ಯಾಪಿನ ಸ್ಪ್ರಿಂಗ್ ಸೋತು ಒತ್ತಡ ನಿಲ್ಲದಿದ್ದರೆ 100ಕ್ಕೇ ಆಟ ಮುಗಿಯಿತು. ಫ್ಯಾನ್ ತಿರುಗಲು ಶುರುವಾಗುವುದೇ 95ರ ಹತ್ತಿರ ಎಂಬುದನ್ನು ನೆನಪಿಡಿ, ಅಂತರ ಎಷ್ಟು ಸಣ್ಣದು ಎಂದು ಗೊತ್ತಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಆ ಕ್ಯಾಪ್. ರಬ್ಬರ್ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಯೋಚಿಸದೆ ಹೊಸದು ಹಾಕಿ. ಆದರೆ ಹಳೆಯದರ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿಯದ್ದೇ ಆಗಿರಲಿ.

ಇನ್ನೊಂದು ಕಡೆಯಿಂದ ತುಕ್ಕು. ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ಅಲ್ಯೂಮಿನಿಯಂ, ಸಿಲಿಂಡರುಗಳಿರುವ ಕೆಳಭಾಗದ, ಅಂದರೆ ಬ್ಲಾಕಿನ, ಪಕ್ಕದ ಮುಚ್ಚಳಗಳು ಉಕ್ಕು. ಇವುಗಳನ್ನು ತುಕ್ಕಿನಿಂದ ಕಾಪಾಡುವ ರಾಸಾಯನಿಕ ಇರುವುದು ಕೂಲೆಂಟಿನಲ್ಲಿ, ನೀರಿನಲ್ಲಲ್ಲ. ಅರ್ಧರ್ಧ ಲೀಟರ್ ನೀರು ಹಾಕುತ್ತಾ ಹೋದಂತೆ ಅದು ತೆಳುವಾಗಿ, ಕೊನೆಗೆ ಇಲ್ಲವೆನ್ನುವಷ್ಟಾಗುತ್ತದೆ. ನಲ್ಲಿ, ಬಾವಿ ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಆ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಬಾಟಲಿಯ ಮಿನರಲ್ ನೀರೂ ಇದಕ್ಕೆ ಆಗದು, ಅದರಲ್ಲಿ ಖನಿಜ ಇದ್ದೇ ಇರುತ್ತದೆ. ಹಾಗಂತ ನೀರೇ ಇಲ್ಲದ ಕೂಲೆಂಟ್ ಸುರಿಯುವುದೂ ತಪ್ಪು. ಅಚ್ಚ ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲ. ಸಮಪಾಲೇ ಸರಿ. ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಕೊಳ್ಳಬೇಡಿ. ಮ್ಯಾನುಯಲ್‌ನಲ್ಲಿ ಹೇಳಿರುವ ವಿಧವನ್ನೇ ತನ್ನಿ. ಕೂಲೆಂಟ್ ವಿಷ, ರುಚಿ ಸಿಹಿ. ನೆಲದ ಮೇಲೆ ಚೆಲ್ಲಿದರೆ ಆಗಲೇ ತೊಳೆಯಿರಿ. ನಾಯಿ, ಬೆಕ್ಕು, ಮಕ್ಕಳು ಇರುವ ಕಡೆ ಡಬ್ಬಿ ತೆರೆದಿಡಬೇಡಿ.

ಈಗ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳಿನ ಬಗ್ಗೆ ನಿಮ್ಮ ಇನ್ನೊಂದು ಮಾತು: “ಮುಳ್ಳು ನಡುವಿನಲ್ಲೇ ಇರುತ್ತದೆ, ಏರಿನಲ್ಲಿ ಮಾತ್ರ ಸ್ವಲ್ಪ ಮೇಲೆ ಹೋಗಿ ಮತ್ತೆ ಇಳಿಯುತ್ತದೆ.” ಇಳಿದದ್ದು ಕಂಡು ಸಮಾಧಾನಪಡಬೇಡಿ. ಟೆಂಪರೇಚರ್ ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿರುವ ದ್ರವವನ್ನು. ಮಟ್ಟ ಇಳಿದು ಸೆನ್ಸರಿನ ತುದಿ ಗಾಳಿಯಲ್ಲಿ ನಿಂತರೆ ಅದು ಸುಳ್ಳು ಹೇಳುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಸಾಲದ್ದಕ್ಕೆ ಅನೇಕ ಕಾರುಗಳಲ್ಲಿ ಮುಳ್ಳು ಸಣ್ಣ ಏರಿಳಿತಕ್ಕೆ ಅಲುಗಾಡದಂತೆ ಮಾಡಿರುತ್ತಾರೆ, ತಾಪ ಸಾಕಷ್ಟು ಏರಿದ ಮೇಲೆಯೇ ಅದು ನಡು ಬಿಡುತ್ತದೆ. ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ಮುಳ್ಳೇ ಇರುವುದಿಲ್ಲ, ಕೆಂಪು ದೀಪವೊಂದೇ. ಅದು ಹೊತ್ತಿಕೊಳ್ಳುವುದು ತಡವಾಗಿ.

ಇದಕ್ಕಿಂತ ನಂಬಬಹುದಾದ ಸುಳಿವು ಹೀಟರ್. ಎಂಜಿನ್ ಪೂರ್ತಿ ಕಾದಿದ್ದಾಗ ಹೀಟರನ್ನು ಕೆಂಪು ತುದಿಗೆ ತಿರುಗಿಸಿ ಬ್ಲೋವರ್ ಹಾಕಿ. ಸುಡುವ ಗಾಳಿ ಬರಬೇಕು. ಬಿಸಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ತಣ್ಣಗಾದರೆ ಕೂಲೆಂಟ್ ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಮುಳ್ಳು ಏನೇ ಹೇಳಲಿ, ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಕ್ಯಾಪ್ ಮುಟ್ಟಬೇಡಿ. ಮುಕ್ಕಾಲು ಗಂಟೆಯಾದರೂ ಬಿಡಿ, ರೇಡಿಯೇಟರಿನ ಮೇಲಿನ ಹೋಸ್ ಬಟ್ಟೆ ಸುತ್ತಿ ಹಿಸುಕಿದಾಗ ಮೆತ್ತಗಿರಬೇಕು, ಆಮೇಲೆ ತೆರೆಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು.

ಕೂಲೆಂಟ್ ಕಡಿಮೆಯಾದಾಗ ಹೆಡ್ಡಿನಲ್ಲಿ, ಅದರಲ್ಲೂ ಎಕ್ಸಾಸ್ಟ್ ವಾಲ್ವುಗಳ ಸುತ್ತ, ಆವಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆವಿ ಶಾಖವನ್ನು ಎಳೆದುಕೊಳ್ಳುವುದಿಲ್ಲ. ಅಷ್ಟು ಜಾಗ ಮಾತ್ರ ವಿಪರೀತ ಕಾಯುತ್ತದೆ, ಹಿಗ್ಗುತ್ತದೆ, ಸುತ್ತಲಿನ ಬೋಲ್ಟುಗಳು ಬಿಡುವುದಿಲ್ಲ, ಹೆಡ್ ಬಾಗುತ್ತದೆ. ಬಾಗಿದ್ದು ಎಷ್ಟು? ಅನೇಕ ಸಣ್ಣ ಎಂಜಿನ್‌ಗಳಲ್ಲಿ ಒಪ್ಪುವ ಮಿತಿಯೇ 0.05 ಮಿಲಿಮೀಟರ್, ತಲೆಗೂದಲಿಗಿಂತ ತೆಳು. ಅಷ್ಟು ಸಾಕು, ಹೆಡ್ ಮತ್ತು ಬ್ಲಾಕ್ ನಡುವೆ ಸೀಲ್ ಆಗಿರುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹಿಡಿತ ಬಿಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹತ್ತಾರು ಬಾರ್, ಕೂಲೆಂಟಿನದು ಒಂದು ಚಿಲ್ಲರೆ. ಉರಿದ ಅನಿಲ ಗ್ಯಾಸ್ಕೆಟ್ ದಾಟಿ ಕೂಲೆಂಟಿಗೆ ನುಗ್ಗುತ್ತದೆ, ಕೂಲೆಂಟನ್ನು ರೇಡಿಯೇಟರ್ ಪಕ್ಕದ ಕೂಲೆಂಟ್ ಬಾಟಲಿಗೆ, ಬಾಟಲಿಯಿಂದ ರಸ್ತೆಗೆ ತಳ್ಳುತ್ತದೆ. ನೀವು ಮತ್ತೆ ಅರ್ಧ ಲೀಟರ್ ಹಾಕುತ್ತೀರಿ. ಊರೊಳಗೆ ನಿಧಾನವಾಗಿ ಓಡಿಸುವಾಗ ಏನೂ ಕಾಣದೆ ಏರಿನಲ್ಲಿ ಮಾತ್ರ ತೊಂದರೆ ಬರಲು ಇದೂ ಒಂದು ಕಾರಣ. ಆದ್ದರಿಂದಲೇ ಬೇಗ ನೋಡಿಸಿ ಎನ್ನುತ್ತಿರುವುದು. ಇವತ್ತು ಹೋಸ್ ಕ್ಲಿಪ್ಪಿನಲ್ಲಿ ಮುಗಿಯುವ ಕೆಲಸ ನಾಳೆ ಹೆಡ್ ತನಕ ಹೋಗಬಾರದು.

ಹುಡುಕುವ ಕ್ರಮ ಹೀಗಿರಲಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾಟಲಿಯನ್ನಷ್ಟೇ ಅಲ್ಲ, ರೇಡಿಯೇಟರ್ ಮೇಲೆ ಕ್ಯಾಪ್ ಇದ್ದರೆ ಅದನ್ನೂ ತೆರೆದು ನೋಡಿ. ಕ್ಯಾಪಿನ ವಾಲ್ವ್ ಕೆಟ್ಟಿದ್ದರೆ ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಅರ್ಧ ಖಾಲಿ. ಬಾಟಲಿ ನೋಡಿ “ಇದೆಯಲ್ಲ” ಎಂದುಕೊಂಡು ಮೋಸಹೋಗುವವರು ಬಹಳ ಜನ. ಆಮೇಲೆ ಟಾರ್ಚ್ ಹಿಡಿದು ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಹುಡುಕಿ: ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ವಾಟರ್ ಪಂಪಿನ ಶಾಫ್ಟ್ ಕೆಳಗಿನ ಸಣ್ಣ ತೂತು. ಆ ತೂತು ಇರುವುದೇ ಒಳಗಿನ ಸೀಲ್ ಹೋಯಿತು ಎಂದು ತಿಳಿಸಲಿಕ್ಕೆ. ಅಲ್ಲಿಂದ ತೊಟ್ಟಿಕ್ಕಿದರೆ ತೂತು ಮುಚ್ಚಬೇಡಿ, ಪಂಪ್ ಬದಲಿಸಿ. ಡ್ಯಾಶ್‌ಬೋರ್ಡಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿ, ಗಾಜಿಗೆ ಜಿಡ್ಡು ಮಂಜು ಕಟ್ಟಿ, ಸಿಹಿ ವಾಸನೆ ಬಂದರೆ ಹೀಟರಿನೊಳಗಿನ ಸಣ್ಣ ರೇಡಿಯೇಟರ್, ಅಂದರೆ ಹೀಟರ್ ಕೋರ್, ಸೋರುತ್ತಿದೆ.

ಹೊರಗೆ ಎಲ್ಲೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಎರಡು ಪರೀಕ್ಷೆ ಕೇಳಿ ಮಾಡಿಸಿ. ಒಂದು, ಕೈಪಂಪಿನಿಂದ ಕ್ಯಾಪಿನ ಅಂಕಿಯಷ್ಟೇ ಒತ್ತಡ ತುಂಬಿ ಕಾಲು ಗಂಟೆ ಬಿಡುವುದು. ಇಳಿದರೆ ಸೋರಿಕೆ ಇದೆ. ಇನ್ನೊಂದು, ಎಂಜಿನ್ ಓಡುವಾಗ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವುದು. ಪೆಟ್ರೋಲ್ ಎಂಜಿನ್ನಿನಲ್ಲಿ ದ್ರವ ಹಳದಿಯಾದರೆ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಕ್ಯಾಪಿನ ಒಳಗೆ ಮಜ್ಜಿಗೆ ಬಣ್ಣದ ಕೆಸರು ಕಂಡರೆ ಮಾತ್ರಕ್ಕೆ ಗಾಬರಿ ಬೇಡ, ಸಣ್ಣ ಸಣ್ಣ ಓಡಾಟದಲ್ಲಿ ಬರೀ ತೇವದಿಂದಲೂ ಅದು ಬರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲೂ (ಡಿಪ್‌ಸ್ಟಿಕ್) ಅದೇ ಬಣ್ಣವಿದ್ದರೆ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ಟ್ರಾಫಿಕ್‌ನಲ್ಲಿ ಬಿಸಿಯಾಗಿ ಹೆದ್ದಾರಿಯಲ್ಲಿ ಸರಿಹೋಗುವ ಗಾಡಿಯಲ್ಲಿ ಮೊದಲು ಫ್ಯಾನ್ ನೋಡುತ್ತಾರೆ. ಎ.ಸಿ. ಹಾಕಿದರೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್, ಈ ಕ್ರಮದಲ್ಲಿ. ನಿಮ್ಮದು ತಿರುವುಮುರುವು, ಹೊರೆ ಬಿದ್ದಾಗ ಬಿಸಿ. ಅದಕ್ಕೇ ಫ್ಯಾನ್ ಬದಲಿಸಿ ಎಂದವರ ಮಾತು ಕೇಳಬೇಡಿ. ಕೂಲೆಂಟ್ ಕಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಕಿತ್ತು ಬಿಸಾಡಿ ಎನ್ನುವವರ ಮಾತಂತೂ ಕೇಳಲೇಬೇಡಿ. ಅದಿಲ್ಲದೆ ಎಂಜಿನ್ ಬೇಗ ಕಾಯುವುದಿಲ್ಲ, ಎಂಜಿನ್ನಿನ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್‌ಗೆ ಪೆಟ್ರೋಲ್ ಸೇರುತ್ತದೆ. ಅನುಮಾನವಿದ್ದರೆ ಬಿಚ್ಚಿ, ನೀರು ಕಾಯಿಸುವ ಪಾತ್ರೆಯಲ್ಲಿ ದಾರದಿಂದ ತೂಗುಬಿಟ್ಟು ನೋಡಿ. ಅದರ ಮೇಲೆ ಅಚ್ಚಾಗಿರುವ 82 ಅಥವಾ 88 ಡಿಗ್ರಿಯ ಹತ್ತಿರ ಬಾಯಿ ತೆರೆಯಲು ಶುರುಮಾಡಬೇಕು.

ಸೋರಿಕೆ ಸರಿಮಾಡಿ ಹೊಸ ಕೂಲೆಂಟ್ ತುಂಬುವಾಗ ಗಾಳಿ ತೆಗೆಯುವುದನ್ನು ಅವಸರದಲ್ಲಿ ಮುಗಿಸುತ್ತಾರೆ. ಹತ್ತಿರ ನಿಂತು ಮಾಡಿಸಿ. ಕಾರಿನ ಮೂತಿ ಮೇಲಿರಲಿ, ಹೀಟರ್ ಪೂರ್ತಿ ಬಿಸಿಗೆ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲ. ಕ್ಯಾಪ್ ತೆಗೆದು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟರೆ ಸ್ವಲ್ಪ ಹೊತ್ತಿಗೆ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗುತ್ತದೆ. ಥರ್ಮೋಸ್ಟಾಟ್ ತೆರೆಯಿತು ಎಂದು ಅದರ ಗುರುತು. ಆಗ ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮಟ್ಟ ನೋಡಿ. ಸ್ವಲ್ಪ ಇಳಿದಿರುವುದು ಸಹಜ.

ದುರದೃಷ್ಟಕ್ಕೆ ಹೆಡ್ ಬಿಚ್ಚಬೇಕಾಗಿ ಬಂದರೆ ಬರೀ ಗ್ಯಾಸ್ಕೆಟ್ ಬದಲಿಸಿ ಕೂರಿಸಲು ಬಿಡಬೇಡಿ. ನೇರಪಟ್ಟಿ ಇಟ್ಟು ಸಂದು ಅಳೆಯುವ ತೆಳು ಪಟ್ಟಿಗಳಿಂದ (ಫೀಲರ್ ಗೇಜ್) ಬಾಗು ಅಳೆಯಲಿ, ಮಿತಿ ಮೀರಿದ್ದರೆ ಮಷೀನಿನಲ್ಲಿ ಉಜ್ಜಿ ಸಮಮಾಡಿಸಲಿ. ಬಿಗಿದಾಗ ಹಿಗ್ಗುವ ಬಗೆಯ ಬೋಲ್ಟುಗಳಾದರೆ ಹೊಸವೇ ಬೇಕು. ಬೋಲ್ಟಿನ ತೂತುಗಳಲ್ಲಿ ನೀರು, ಆಯಿಲ್ ಉಳಿದಿದ್ದರೆ ಬಿಗಿಯುವಾಗ ಬ್ಲಾಕೇ ಬಿರಿಯಬಹುದು, ಗಾಳಿ ಊದಿ ಒಣಗಿಸಿರಬೇಕು.

ಇನ್ನು “ಎಳೆಯುವುದಿಲ್ಲ” ಎಂಬುದು. ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಲ್ಲಿ ಏರು ಹತ್ತಿಸುತ್ತೇನೆ ಎಂದಿದ್ದೀರಿ. ಟರ್ಬೋ ಇಲ್ಲದ ಒಂದು ಲೀಟರ್ ಎಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ) ಸುಮಾರು 90 ನ್ಯೂಟನ್ ಮೀಟರ್, ಅದೂ 3500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಹತ್ತಿರ. ನೀವು ಅದನ್ನು 1500ರಲ್ಲಿ ಎಳೆ ಎನ್ನುತ್ತಿದ್ದೀರಿ. ಎಂಜಿನ್ ದಡದಡ ನಡುಗುವುದು ಅದಕ್ಕೇ. ಬಿಸಿಯಾಗಲೂ ಇದು ಸಹಾಯ ಮಾಡುತ್ತದೆ: ವಾಟರ್ ಪಂಪ್ ತಿರುಗುವುದು ಎಂಜಿನ್ ವೇಗದ ಮೇಲೆ. ಆರ್‌ಪಿಎಂ ಕಡಿಮೆ, ಹೊರೆ ಪೂರ್ತಿ ಎಂದರೆ ಶಾಖ ಹೆಚ್ಚು, ಕೂಲೆಂಟಿನ ಓಟ ಕಡಿಮೆ. ಏರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಇಳಿಸಿ, 3000ದಿಂದ 3500ರಲ್ಲಿ ಹಿಡಿಯಿರಿ. ಸದ್ದು ಜೋರಾಗುತ್ತದೆ, ಆಗಲಿ. ಆ ಸದ್ದಿಗೆ ಎಂಜಿನ್ ಹಾಳಾಗುವುದಿಲ್ಲ. ಇಳಿಯುವಾಗಲೂ ಅದೇ ಗೇರ್. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಫ್ಯೂಯಲ್ ಇಂಜೆಕ್ಷನ್ ಎಂಜಿನ್ನಿಗೆ ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಸರಬರಾಜು ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಉರಿಯುತ್ತಲೇ ಇರುತ್ತದೆ. ಗೇರಿನಲ್ಲಿ ಇಳಿದರೆ ಬ್ರೇಕೂ ಅತಿಯಾಗಿ ಬಿಸಿಯಾಗುವುದಿಲ್ಲ.

ಐದು ಜನ, ಡಿಕ್ಕಿ ತುಂಬ ಸಾಮಾನು ಎಂದರೆ ಸುಮಾರು 400 ಕಿಲೋ, 800 ಕಿಲೋ ತೂಗುವ ಗಾಡಿಯ ಅರ್ಧದಷ್ಟು. ಅಂಥ ದಿನ ಕಡಿದಾದ ಏರಿನಲ್ಲಿ ಎ.ಸಿ. ಆಫ್ ಇರಲಿ. ಟೈರ್ ಗಾಳಿ ತಣ್ಣಗಿರುವಾಗ ನೋಡಿ; ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಇದ್ದರೆ ಅಷ್ಟೇ ಹಾಕಿಸಿ.

ಮಾರುವ ಯೋಚನೆಯನ್ನು ಇವೆಲ್ಲ ಆದ ಮೇಲೆ ಇಟ್ಟುಕೊಳ್ಳಿ. ಮೂರೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ) ಅಳೆಸಿ. ಒಂದಕ್ಕೊಂದು ಒಂದು ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಬಾಡಿ ತುಕ್ಕು ತಿಂದಿದ್ದರೆ ಮಾರಿಬಿಡಿ, ನಾನು ತಡೆಯುವುದಿಲ್ಲ. ಇಲ್ಲದಿದ್ದರೆ ಇಟ್ಟುಕೊಳ್ಳಿ. ಪ್ರೆಶರ್ ಟೆಸ್ಟ್ ಆದ ಮೇಲೆ ಎಲ್ಲಿ ಸೋರಿತು ಎಂದು ಕಾಮೆಂಟಿನಲ್ಲಿ ಬರೆಯಿರಿ, ಆ ಭಾಗದ ಕೆಲಸದಲ್ಲಿ ಏನೇನು ಗಮನಿಸಬೇಕು ಎಂದು ಹೇಳುತ್ತೇನೆ. ಅಲ್ಲಿಯ ತನಕ ಏರಿನ ದಾರಿಗೆ ಗಾಡಿ ಒಯ್ಯಬೇಡಿ.