ಮಾವುತ ಹೇಳಿದ್ದು ವಿಜ್ಞಾನ ಆಗುತ್ತದೆಯೇ?

ಮಳವಳ್ಳಿಯ ನಿವೃತ್ತ ಗಣಿತ ಮೇಷ್ಟ್ರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ದಸರಾ ಆನೆಗಳ ಜಾಣತನದ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಮಾವುತರು ಹೇಳಿದ್ದನ್ನೆಲ್ಲ ನಂಬಿ ಅಚ್ಚು ಹಾಕಿದರೆ ಅದು ವಿಜ್ಞಾನ ಆಗುತ್ತದೆಯೇ? ಲೆಕ್ಕ ಮಾಡುತ್ತಿದ್ದ ಜರ್ಮನಿಯ ಕುದುರೆಯ ಕಥೆ ನಿಮಗೆ ಗೊತ್ತಿಲ್ಲವೇ? ನಮ್ಮ ಮನೆಯ ಹಸುವೂ ಕೊಟ್ಟಿಗೆಯ ಚಿಲಕ ತೆಗೆಯುತ್ತದೆ. ಅದು ಅಭ್ಯಾಸ ಬಲ ಅಷ್ಟೇ, ಬುದ್ಧಿ ಅಲ್ಲ.”

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಓದಿ ಸುಮ್ನೆ ಮಡಚಿಡದೆ ಜಗಳಕ್ಕೆ ಬಂದಿರಲ್ಲ, ಅದೇ ಸಂತೋಷ.

ಕುದುರೆಯ ಕಥೆ ಗೊತ್ತು. ಅದರ ಯಜಮಾನ ಫಾನ್ ಓಸ್ಟೆನ್ ಕೂಡ ನಿಮ್ಮ ಹಾಗೆ ಗಣಿತ ಹೇಳಿಕೊಟ್ಟವರು. ಅವರ ಹಾನ್ಸ್ ಬರ್ಲಿನ್‌ನಲ್ಲಿ ಕಾಲು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. ಮನಃಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಅದನ್ನು ಪರೀಕ್ಷಿಸಿ 1907ರಲ್ಲಿ ವರದಿ ಕೊಟ್ಟರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಹಾನ್ಸ್ ಅದನ್ನು ನೋಡಿ ಕಾಲು ನಿಲ್ಲಿಸುತ್ತಿತ್ತು. ವಿಜ್ಞಾನಿಗಳಿಗೆ ಅದರಿಂದ ಎಚ್ಚರ ಬಂತು. ಬರಬೇಕಾದ ಎಚ್ಚರವೇ, ಒಪ್ಪುತ್ತೇನೆ. ಆದರೆ ಗುಟ್ಟು ತಿಳಿದ ಮೇಲೂ ಫುಂಗ್‌ಸ್ಟ್ ಅವರಿಗೆ ತಮ್ಮ ತಲೆ ಅಲುಗದಂತೆ ತಡೆಯಲು ಆಗಲಿಲ್ಲ. ಮನುಷ್ಯನಿಗೆ ತನ್ನ ಮೈ ಮೇಲೇ ಹಿಡಿತವಿಲ್ಲದ ಅಷ್ಟು ಸಣ್ಣ ಅಲುಗಾಟವನ್ನು ಒಂದು ಕುದುರೆ ಓದುತ್ತಿತ್ತು. ಕಥೆಯ ಈ ಅರ್ಧವನ್ನು ಯಾಕೋ ಯಾರೂ ಹೇಳುವುದಿಲ್ಲ.

ಈಗ ಆನೆಗೆ ಬರೋಣ. ದಸರಾ ಆನೆಗಳು ಅರಮನೆ ಆವರಣದಲ್ಲಿದ್ದಾಗ ಒಂದು ಬೆಳಗ್ಗೆ ಕುಸುರೆ ಕೊಡುವುದನ್ನು ನೋಡುತ್ತಾ ಕೂತಿದ್ದೆ. ಹುಲ್ಲಿನ ಕಟ್ಟಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಚಿ ಕೊಡುತ್ತಾರೆ. ಆನೆ ಕಟ್ಟನ್ನು ತೆಗೆದುಕೊಂಡಿತು. ಬಾಯಿಗೆ ಹಾಕಲಿಲ್ಲ. ಸೊಂಡಿಲ ತುದಿಯನ್ನು ಮಡಿಕೆಯೊಳಗೆ ತೂರಿಸಿ ಮೂಸಿತು. ಆಮೇಲೆ ಕಾಲಿನಿಂದ ಹುಲ್ಲನ್ನು ಮೆಲ್ಲಗೆ ಒತ್ತಿ ಹಿಡಿದು, ಬಿಡಿಸಿ, ಬೆಲ್ಲದ ಉಂಡೆಯನ್ನು ಮಾತ್ರ ಎತ್ತಿಕೊಂಡಿತು. ಪಕ್ಕದಲ್ಲಿದ್ದ ಮಾವುತ ಹೇಳಿದರು, “ಎಲ್ರೂ ಸೊಂಡ್ಲು ಅಂದ್ರೆ ಕೈ ಅಂತಾರೆ ಸಾರ್. ಅದು ಮೊದ್ಲು ಮೂಗು. ಮೂಗಿಗೆ ಕೆಲ್ಸ ಕೊಟ್ರೆ ಆನೆ ಬೇರೆ ಕೆಲ್ಸ ಮಾಡಕಿಲ್ಲ.”

ಈ ಒಂದು ಮಾತು ತಿಳಿಯದೆ ವಿಜ್ಞಾನ ಎಷ್ಟು ಸುತ್ತಾಡಿತು ಗೊತ್ತೇ? ಚಿಂಪಾಂಜಿಗೆ ಕೋಲು ಕೊಟ್ಟರೆ ದೂರದ ಹಣ್ಣು ಎಳೆದುಕೊಳ್ಳುತ್ತದೆ. ಹಾಗೇ ಆನೆಗೂ ಕೋಲು ಕೊಟ್ಟು ನೋಡಿದರು. ಎಟುಕದ ತಿನಿಸಿಗೆ ಆನೆ ಕೋಲು ಬಳಸಲಿಲ್ಲ. ಕೋಲು ಹಿಡಿದರೆ ಸೊಂಡಿಲ ತುದಿ ಮುಚ್ಚಿಹೋಗುತ್ತದೆ, ತಿನಿಸು ಎಲ್ಲಿದೆ ಎಂದು ಮೂಸುವುದು ಯಾವುದರಿಂದ? ವಾಷಿಂಗ್ಟನ್ ಮೃಗಾಲಯದಲ್ಲಿ ಕಂಡುಲ ಎಂಬ ಏಳು ವರ್ಷದ ಗಂಡಾನೆಗೆ ಕೋಲಿನ ಜೊತೆ ಒಂದು ದೊಡ್ಡ ಪೆಟ್ಟಿಗೆಯನ್ನೂ ಇಟ್ಟರು. ಕೆಲವು ದಿನ ಏನೂ ಆಗಲಿಲ್ಲ. ಒಂದು ದಿನ ಯಾರೂ ಹೇಳಿಕೊಡದೆ ಕಂಡುಲ ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದ, ಮುಂಗಾಲಿಟ್ಟು ಹತ್ತಿದ, ಮೇಲೆ ತೂಗುಬಿಟ್ಟಿದ್ದ ತಿನಿಸನ್ನು ಕಿತ್ತುಕೊಂಡ. ಆಮೇಲೆ ಪೆಟ್ಟಿಗೆಯನ್ನು ಬೇರೆ ಕಡೆ ಇಟ್ಟರೂ ಹೋಗಿ ತಂದುಕೊಂಡ. 2011ರ ಅಧ್ಯಯನ ಅದು.

ಕನ್ನಡಿಯದೂ ಇದೇ ಕಥೆ. ಪ್ರಾಣಿ ಕನ್ನಡಿಯಲ್ಲಿ ತನ್ನನ್ನು ತಾನೇ ಗುರುತಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಮನಃಶಾಸ್ತ್ರಜ್ಞ ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳ ಮುಖಕ್ಕೆ ಬಣ್ಣ ಹಚ್ಚಿ ಕನ್ನಡಿ ತೋರಿಸಿದರು, ಅವು ತಮ್ಮ ಮುಖವನ್ನೇ ಮುಟ್ಟಿ ನೋಡಿಕೊಂಡವು. ಮುಂದೆ ಆನೆಗಳನ್ನು ಪರೀಕ್ಷಿಸಿದಾಗ ಇಟ್ಟ ಕನ್ನಡಿ ಆನೆಗೆ ಸಾಲದಷ್ಟು ಚಿಕ್ಕದು, ಆನೆ ಫೇಲು. 2006ರಲ್ಲಿ ನ್ಯೂಯಾರ್ಕಿನಲ್ಲಿ ಎರಡೂವರೆ ಮೀಟರ್ ಎತ್ತರದ ಕನ್ನಡಿ ನಿಲ್ಲಿಸಿದರು. ಹ್ಯಾಪಿ ಎಂಬ ಹೆಣ್ಣಾನೆ ಕನ್ನಡಿ ನೋಡಿಕೊಂಡು ತನ್ನ ಹಣೆಗೆ ಹಚ್ಚಿದ್ದ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿತು. ಜೊತೆಗಿದ್ದ ಇನ್ನೆರಡು ಮುಟ್ಟಲಿಲ್ಲ, ಅದನ್ನೂ ಹೇಳಬೇಕು. ಆದರೆ ಮೊದಲು ಫೇಲಾಗಿದ್ದು ಪ್ರಶ್ನೆಪತ್ರಿಕೆಯೂ ಹೌದು ಅಲ್ವಾ? ನಲವತ್ತು ವರ್ಷ ಪ್ರಶ್ನೆಪತ್ರಿಕೆ ಬರೆದವರು ನೀವು, ನಿಮಗೆ ನಾನು ಹೇಳಬೇಕೇ?

ಹತ್ತಿರದ ಬಂಡೀಪುರವನ್ನೇ ನೋಡಿ. ಅಲ್ಲಿನ ಕೋತಿಗಳು ದಾರಿಹೋಕರಿಗೆ ಕೈ ಚಾಚಿ, ಕೂ ಎಂದು ದನಿ ತೆಗೆದು ತಿನಿಸು ಕೇಳುವುದನ್ನು ಬೆಂಗಳೂರಿನ ಸಂಶೋಧಕರು ಕಾಡಿನಲ್ಲೇ ಕೂತು ದಾಖಲಿಸಿ 2018ರಲ್ಲಿ ಪ್ರಕಟಿಸಿದರು. ಬೋನಿಲ್ಲ, ಪಂಜರವಿಲ್ಲ. (ಹಾಗಂತ ಯಾರೂ ತಿಂಡಿ ಎಸೆಯಬೇಡಿ. ಅವು ರಸ್ತೆಗೆ ಬಂದು ಗಾಡಿಗೆ ಸಿಗುತ್ತವೆ.) ನಮ್ಮ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಮನಃಶಾಸ್ತ್ರ ವಿಭಾಗದಲ್ಲಿದ್ದ ಪ್ರೊಫೆಸರ್ ಮೇವಾ ಸಿಂಗ್ ಸಿಂಗಳೀಕಗಳ ಬೆನ್ನು ಹತ್ತಿ ಪಶ್ಚಿಮ ಘಟ್ಟದಲ್ಲಿ ದಶಕಗಳ ಕಾಲ ಅಲೆದರು. ಮೈಸೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ನನ್ನ ನೋವು ಇರುವುದು ಇಲ್ಲೇ. ಪ್ರತಿ ವರ್ಷ ಗಜಪಯಣ ಮುಗಿದು ಆನೆಗಳು ಊರಿಗೆ ಬಂದ ಕೂಡಲೇ ತೂಕ ಹಾಕುತ್ತಾರೆ. ಮರುದಿನ ಯಾವ ಆನೆ ಎಷ್ಟು ಕಿಲೋ ಎಂದು ಪಟ್ಟಿ ಬರುತ್ತದೆ. 750 ಕಿಲೋ ಅಂಬಾರಿಯ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಆ ಅಂಬಾರಿ ಹೊತ್ತು, ಲಕ್ಷ ಜನರ ಗದ್ದಲದ ನಡುವೆ ಒಂದು ಕಾಡುಪ್ರಾಣಿ ಹೇಗೆ ಸಮಾಧಾನವಾಗಿ ನಡೆಯುತ್ತದೆ ಎಂದು ಆನೆ ನೋಡಿಕೊಳ್ಳುವ ಕಾವಾಡಿಗರನ್ನು ಯಾರೂ ಕೂರಿಸಿಕೊಂಡು ಕೇಳುವುದಿಲ್ಲ. ಆನೆಯ ಜೊತೆ ಬಾಳಿದವರ ತಿಳಿವಳಿಕೆಗೆ ನಮ್ಮಲ್ಲಿ ತಕ್ಕಡಿಯೇ ಇಲ್ಲ. ಶಾಲೆಯಲ್ಲೂ ಇದೇ ಆಗುತ್ತಿದೆ. ಆದಿವಾಸಿ ಹಾಡಿಯ ಹುಡುಗ ಹೆಜ್ಜೆ ಗುರುತು ನೋಡಿ ಆನೆ ಯಾವಾಗ ಹೋಯಿತು ಎನ್ನುತ್ತಾನೆ. ಅವನಿಗೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆ ರೈಲಿನ ವೇಗದ್ದು. ಫೇಲಾದರೆ ದಡ್ಡ ಎಂದು ಬರೆದುಬಿಡುತ್ತೇವೆ.

ನಿಮ್ಮ ಹಸುವಿಗೆ ಬರುತ್ತೇನೆ ಮೇಷ್ಟ್ರೇ. ಅಭ್ಯಾಸ ಬಲ ಎಂದಿರಿ. ಅಭ್ಯಾಸ ಮಾಡಿಸಿದವರು ಯಾರು? ಒಂದು ಕೆಲಸ ಮಾಡಿ. ಚಿಲಕ ಬದಲಾಯಿಸಿ. ಮೇಲಕ್ಕೆ ಎತ್ತುವುದಿದ್ದರೆ ಪಕ್ಕಕ್ಕೆ ಜರುಗಿಸುವುದನ್ನು ಹಾಕಿಸಿ. ಹಸು ಮೊದಲ ದಿನ ಏನು ಮಾಡಿತು, ಮೂಗಿನಿಂದ ತಳ್ಳಿತೋ ನಾಲಿಗೆ ಹಾಕಿತೋ, ಎಷ್ಟು ದಿನಕ್ಕೆ ತೆಗೆಯಿತು, ಪಕ್ಕದ ಕರು ಅದನ್ನು ನೋಡುತ್ತಿತ್ತೋ, ಎಲ್ಲವನ್ನೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೆಗೆಯದಿದ್ದರೆ ಅದನ್ನೂ ಬರೆಯಿರಿ. ನೋಡುವಾಗ ಕಿಟಕಿಯ ಹಿಂದೆ ನಿಂತುಕೊಳ್ಳಿ, ನಿಮ್ಮ ತಲೆ ಅದಕ್ಕೆ ಕಾಣಬಾರದು. ಬರೆದದ್ದನ್ನು ಕಳಿಸಿ, ಒಂದು ಸಾಲೂ ಬಿಡದೆ ಅಚ್ಚು ಹಾಕುತ್ತೇವೆ.