ಕಾರವಾರ ಬಂದರಿನಲ್ಲಿ ಟಗ್ (ಹಡಗುಗಳನ್ನು ಎಳೆಯುವ, ತಳ್ಳುವ ಬಲಶಾಲಿ ದೋಣಿ) ಎಳೆಯುತ್ತಿದ್ದ ಹಡಗು ಜೆಟ್ಟಿಗೆ, ಅಂದರೆ ಹಡಗು ನಿಲ್ಲುವ ಕಟ್ಟೆಗೆ, ಬಡಿದರೆ ಟಗ್ ಮಾಲೀಕನೇ ಹೊಣೆಯೇ?

ಯಾವಾಗಲೂ ಅಲ್ಲ. ಎಷ್ಟು ಎಳೆಯಬೇಕು, ಎತ್ತ ತಳ್ಳಬೇಕು ಎಂಬ ಆದೇಶ ಸಾಮಾನ್ಯವಾಗಿ ಹಡಗಿನ ಮೇಲಿರುವ ಪೈಲಟ್‌ನಿಂದ, ಅಂದರೆ ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವವನಿಂದ, ಬರುತ್ತದೆ. ತಪ್ಪಾದದ್ದು ಆದೇಶದಲ್ಲೋ, ಅದನ್ನು ಪಾಲಿಸುವುದರಲ್ಲೋ ಎಂಬುದೇ ಮುಖ್ಯ. ಎಂಜಿನ್ ಇಲ್ಲದ, ಜನರೂ ಇಲ್ಲದ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ಆದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಹಿಡಿತವೆಲ್ಲ ಟಗ್‌ನದೇ.

ಹಾಗಾಗಿ ಮಾಲೀಕನ ವಕೀಲರು ಮೊದಲು ಕೇಳುವುದು ವಿಎಚ್‌ಎಫ್ ರೇಡಿಯೋ ಧ್ವನಿಮುದ್ರಣ, ಲಾಗ್‌ಬುಕ್, ಮತ್ತು ಸ್ಥಾನ-ವೇಗ ತೋರಿಸುವ ಎಐಎಸ್ ದಾಖಲೆ. ತುಂಡಾದ ಹಗ್ಗವನ್ನು ಎಸೆದರೆ ಕೆಟ್ಟಿತು: ಮೊದಲೇ ಸವೆದಿತ್ತೋ, ಅತಿಯಾಗಿ ಜಗ್ಗಿ ಕಡಿಯಿತೋ ಎಂಬುದಕ್ಕೆ ಅದೇ ಸಾಕ್ಷಿ.

ಹಡಗು ಎಳೆಯುವ ಎಷ್ಟೋ (ಟೋಯಿಂಗ್) ಕರಾರುಗಳಲ್ಲಿ 'ಅವರವರ ನಷ್ಟ ಅವರವರಿಗೆ' ಎಂದಿರುತ್ತದೆ. ಆದರೆ ಜೆಟ್ಟಿಯ ಒಡೆಯ ಆ ಕರಾರಿಗೆ ಹೊರಗಿನವ. ಹಡಗುಗಳ ವ್ಯಾಜ್ಯಗಳಿಗೆ ಸಂಬಂಧಿಸಿದ 2017ರ ಅಡ್ಮಿರಾಲ್ಟಿ ಕಾಯ್ದೆಯಡಿ ಆತ ಕರ್ನಾಟಕ ಹೈಕೋರ್ಟಿಗೆ ಹೋಗಿ ಟಗ್ಗನ್ನೇ ತಡೆಹಿಡಿಸಬಹುದು. ಕೇಳಿದ ಪರಿಹಾರಕ್ಕೆ ಭದ್ರತೆಯಾಗಿ ಠೇವಣಿಯನ್ನೋ ಖಾತರಿಯನ್ನೋ ಕೊಟ್ಟರೆ ಟಗ್ ಬಿಡುಗಡೆ.