ಬೀದರ್–ಕಲಬುರಗಿ ಮಾರ್ಗದ ಹಾಲ್ಟ್ ಸ್ಟೇಷನ್ ಎಲ್ಲಿ ಬೇಕು ಎಂಬ ಜಗಳಕ್ಕೆ

ನಿಮ್ಮೂರಿಗೆ ಹಾಲ್ಟ್ ಸ್ಟೇಷನ್ (ರೈಲು ನಿಲ್ಲುವ ಸಣ್ಣ ನಿಲ್ದಾಣ) ಕೇಳಿ ರೈಲ್ವೆಗೆ ಎರಡು ಅರ್ಜಿ ಹೋಗಿರುವುದೇ ಬಹುಶಃ ತೊಡಕು. ಹಾಲ್ಟ್ ಸ್ಟೇಷನ್ ಊರ ಪಕ್ಕ ಬೇಕೆಂದು ಒಂದು ಗುಂಪು, ಹೆದ್ದಾರಿ ಹತ್ತಿರ ಬೇಕೆಂದು ಇನ್ನೊಂದು ಗುಂಪು ಬರೆದಿದೆ ಅಂತೀರಿ. ಊರೇ ಒಪ್ಪದ ಜಾಗವನ್ನು ರೈಲ್ವೆಯವರು ಕೈಗೆತ್ತಿಕೊಳ್ಳುವುದು ಕಷ್ಟ ಅಲ್ವಾ? ನಮ್ಮೂರಲ್ಲೂ ಹೀಗೇ ಆಗಿತ್ತು.

ಮೊದಲು ಎರಡೂ ಕಡೆಯವರು ಸೇರಿ ಜಾಗ ನೋಡಿ. ಹಳಿ ಮೇಲೆ ಇಳಿಯಬೇಡಿ, ಹೊರಗಿನಿಂದಲೇ ಸಾಕು. ತಿರುವು, ಜಾಸ್ತಿ ಇಳಿಜಾರು, ಆಳವಾದ ಕಟಿಂಗ್ (ಹಳಿಗಾಗಿ ನೆಲ ಕಡಿದ ಜಾಗ) ಇದ್ದರೆ ಆ ಜಾಗದ ಆಸೆ ಬಿಡಿ. ಆಮೇಲೆ, ಮಳೆ ಬಂದ ಮರುದಿನ, ವಯಸ್ಸಾದವರೊಬ್ಬರನ್ನು ಕರ್ಕೊಂಡು ಎರಡೂ ದಾರಿ ನಡೆದು ನೋಡಿ. ನಾವು ಹತ್ತಿರ ಅಂತ ಹಟ ಹಿಡಿದಿದ್ದ ಜಾಗಕ್ಕೆ ತೊಗರಿ ಹೊಲದ ಬದುವೇ ದಾರಿ. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಅಜ್ಜಿಯೊಬ್ಬರು ಅರ್ಧಕ್ಕೇ ನಿಂತುಬಿಟ್ಟರು. ವಾದ ಅಲ್ಲೇ ತಣ್ಣಗಾಯಿತು.

ನಂತರ ಗ್ರಾಮಸಭೆಯಲ್ಲಿ ಒಂದೇ ಜಾಗಕ್ಕೆ ಠರಾವು ಮಾಡಿಸಿ. ಕಾಲೇಜು, ಆಸ್ಪತ್ರೆ, ಕೂಲಿ ಅಂತ ದಿನಾ ಎಷ್ಟು ಜನ ಹೋಗುತ್ತಾರೆ ಎಂಬ ಪಟ್ಟಿ ಜೋಡಿಸಿ. ರೈಲ್ವೆಯವರು ಟಿಕೆಟ್ ಆದಾಯವನ್ನೂ ನೋಡುತ್ತಾರೆ. ಠರಾವು, ಪಟ್ಟಿ ಎರಡನ್ನೂ ಡಿಆರ್‌ಎಂ (ರೈಲ್ವೆ ವಿಭಾಗದ ಮುಖ್ಯಸ್ಥರು) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಸಂಸದರಿಗೂ ಒಂದು ಪ್ರತಿ ಕೊಡಿ. ಉತ್ತರ ಬಾರದಿದ್ದರೆ ಸುಮ್ನೆ ಕಾಯಬೇಡಿ, 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು.